ಕಣ್ಕಟ್ಟು ಬಿಚ್ಚಿದವರು ಜೊತೆಗೆ ಬರಲಿಲ್ಲ

ಒಂದು ಕಥೆಯಿಂದ ಶುರು ಮಾಡುತ್ತೇನೆ. ಕಥೆ ಅಂದರೆ ನಾಲ್ಕೇ ಸಾಲು. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಬರುತ್ತದೆ. ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹೇಳುವುದು.

ಗಂಧಾರದ ಒಬ್ಬ ಮನುಷ್ಯನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕರೆತರುತ್ತಾರೆ. ಜನರೇ ಇಲ್ಲದ ಜಾಗದಲ್ಲಿ ಬಿಟ್ಟು ಹೋಗುತ್ತಾರೆ. ಅವನು ಒಂದು ಸಲ ಪೂರ್ವಕ್ಕೆ ತಿರುಗಿ ಕೂಗುತ್ತಾನೆ, ಒಂದು ಸಲ ಉತ್ತರಕ್ಕೆ, ಮತ್ತೆ ಇನ್ನೊಂದು ಕಡೆಗೆ. ‘ಕಣ್ಣು ಕಟ್ಟಿ ತಂದರು, ಕಟ್ಟಿದ ಹಾಗೆಯೇ ಬಿಟ್ಟು ಹೋದರು’ ಅಂತ. ಯಾರೋ ಒಬ್ಬರು ಬಟ್ಟೆ ಬಿಚ್ಚುತ್ತಾರೆ. ‘ಗಂಧಾರ ಈ ದಿಕ್ಕಿಗಿದೆ, ಹೋಗು’ ಅನ್ನುತ್ತಾರೆ. ಅವನು ಊರಿಂದ ಊರಿಗೆ ದಾರಿ ಕೇಳುತ್ತಾ ಗಂಧಾರ ಮುಟ್ಟುತ್ತಾನೆ. ಗುರು ಇರುವವನಿಗೆ ತಿಳಿಯುವುದು ಹೀಗೆ ಅಂತ ಉದ್ದಾಲಕ ಮುಗಿಸುತ್ತಾನೆ.

ಎಷ್ಟೋ ವರ್ಷ ನಾನು ಇದನ್ನು ಓದಿ ಸುಮ್ನೆ ಮುಂದೆ ಹೋಗಿದ್ದೆ. ಆಮೇಲೆ ಒಂದು ದಿನ ಹೊಳೆಯಿತು. ಬಟ್ಟೆ ಬಿಚ್ಚಿದವರು ಅವನ ಜೊತೆ ಗಂಧಾರಕ್ಕೆ ಬರಲಿಲ್ಲ! ಗಂಧಾರ ಅಂದರೆ ಇವತ್ತಿನ ಪೇಶಾವರದ ಸುತ್ತಿನ ನಾಡು. ಹತ್ತಿರವೇನಲ್ಲ, ಅವನು ಎಷ್ಟೋ ಊರು ದಾಟಬೇಕಾಯಿತು. ಅಷ್ಟು ದೂರಕ್ಕೆ ಅವರು ಕೊಟ್ಟದ್ದು ಒಂದು ದಿಕ್ಕು ಮಾತ್ರ. ಕಣ್ಣನ್ನೂ ಅವರು ಕೊಡಲಿಲ್ಲ. ಅದು ಮೊದಲಿಂದಲೂ ಅವನ ಮುಖದಲ್ಲೇ ಇತ್ತು.

ಅವನು ಕೂಗಿದ ಅನ್ನುವುದನ್ನೂ ಗಮನಿಸಿ. ತನ್ನ ಕಣ್ಣು ಕಟ್ಟಿದ್ದಾರೆ ಅಂತ ಅವನಿಗೆ ಗೊತ್ತಿತ್ತು. ನಮ್ಮ ತೊಂದರೆ ಇರುವುದೇ ಇಲ್ಲಿ. ನಮಗೆ ಬಟ್ಟೆ ಕಟ್ಟಿದೆ ಅಂತಲೇ ಗೊತ್ತಿಲ್ಲ. ರಾತ್ರಿ ಆಗಿದೆ ಅಂದುಕೊಂಡು ಮಲಗಿದ್ದೇವೆ.

ಇಲ್ಲಿ ಸ್ವಲ್ಪ ಪಕ್ಕದ ದಾರಿ ಹಿಡಿಯುತ್ತೇನೆ. ‘ಗುರು’ ಪದಕ್ಕೆ ಎಲ್ಲರೂ ಹೇಳುವ ಅರ್ಥ ಒಂದಿದೆ. ‘ಗು’ ಅಂದರೆ ಕತ್ತಲೆ, ‘ರು’ ಅಂದರೆ ಕಳೆಯುವುದು. ಕೇಳಲು ಚೆನ್ನಾಗಿದೆ, ಆದರೆ ಅದು ಆಮೇಲೆ ಹೊಂದಿಸಿದ ಅರ್ಥ. ಪದದ ನೇರ ಅರ್ಥ ‘ಭಾರ’. ಶಾಲೆಯಲ್ಲಿ ಛಂದಸ್ಸು ಕಲಿತದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನನಗೆ ಈ ಭಾರದ ಅರ್ಥವೇ ಜಾಸ್ತಿ ಇಷ್ಟ. ಗಾಳಿಗೆ ಹಾರುವ ಕಾಗದದ ಮೇಲೆ ಒಂದು ಕಲ್ಲು ಇಡುತ್ತೇವಲ್ಲ, ಹಾಗೆ. ಕಲ್ಲು ಏನೂ ಬರೆಯುವುದಿಲ್ಲ. ಅದು ಅಲ್ಲಿರುವುದರಿಂದ ಕಾಗದ ಓದಬಹುದು, ಅಷ್ಟೇ.

ಸರಿ, ವಿಷಯಕ್ಕೆ ಬರೋಣ. ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬೇಕು. ‘ಅರಿವೇ ಗುರು’ ಅಂತಾರಲ್ಲ. ಅರಿವು ಒಳಗೇ ಇದ್ದರೆ ಹೊರಗೆ ಇನ್ನೊಬ್ಬ ಯಾಕೆ ಬೇಕು?

ನ್ಯಾಯವಾದ ಪ್ರಶ್ನೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನಮ್ಮಲ್ಲಿ ಗಾದೆಯೇ ಇದೆ. ಒಪ್ಪೋಣ. ಆದರೆ ಬೆನ್ನ ಮೇಲೆ ಹುಣ್ಣಾದರೆ? ನೋವು ನನ್ನದೇ, ಬೆನ್ನೂ ನನ್ನದೇ, ನೋಡಲು ಮಾತ್ರ ನನ್ನಿಂದಾಗದು. ‘ನಾನು’ ಅನ್ನುವುದು ಬೆನ್ನ ಹಾಗೆ. ನೋಡಲು ತಿರುಗಿದರೆ ಅದೂ ಜೊತೆಗೇ ತಿರುಗುತ್ತದೆ.

ಹತ್ತು ಜನ ಹೊಳೆ ದಾಟಿದ ಕಥೆ ನಿಮಗೆಲ್ಲ ಗೊತ್ತು. ದಡದಲ್ಲಿ ಲೆಕ್ಕ ಹಾಕಿದರೆ ಒಂಬತ್ತೇ ಜನ. ಲೆಕ್ಕ ಹಾಕುವವನು ತನ್ನನ್ನೇ ಬಿಡುತ್ತಿದ್ದ. ಹತ್ತನೆಯವ ಮುಳುಗಿ ಸತ್ತ ಅಂತ ಎಲ್ಲರೂ ಅಳುತ್ತಾರೆ. ದಾರಿಹೋಕನೊಬ್ಬ ಬಂದು ‘ಹತ್ತನೆಯವ ನೀನೇ ಕಣಪ್ಪಾ’ ಅನ್ನುತ್ತಾನೆ. ಅವನು ಹೊಳೆಯಿಂದ ಯಾರನ್ನೂ ಎತ್ತಿ ತರಲಿಲ್ಲ. ಈ ಕಥೆಗೆ ಇನ್ನೂ ಒಂದು ತುಣುಕು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಹಾಗಂತ ಮನುಷ್ಯ ರೂಪದ ಗುರು ಇಲ್ಲದೆ ಯಾರಿಗೂ ಎಚ್ಚರ ಆಗಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 1896ರ ಜುಲೈ ತಿಂಗಳು. ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಹದಿನಾರು ವರ್ಷದ ಹುಡುಗ ವೆಂಕಟರಾಮನ್ ಒಬ್ಬನೇ ಕೂತಿದ್ದ. ಕಾಯಿಲೆ ಇರಲಿಲ್ಲ. ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಹುಡುಗ ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಮಲಗಿ, ಸಾಯುವುದು ಯಾವುದು ಅಂತ ನೋಡಿದ. ಎದ್ದಾಗ ಅವನು ಮೊದಲಿನ ಹುಡುಗನಾಗಿರಲಿಲ್ಲ. ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ಸೇರಿದ. 1950ರಲ್ಲಿ ದೇಹ ಬಿಡುವ ತನಕ ಅಲ್ಲೇ ಇದ್ದ. ಅವರೇ ರಮಣ ಮಹರ್ಷಿ. ನಿಮ್ಮ ಗುರು ಯಾರು ಅಂದರೆ ಅವರು ಬೆಟ್ಟವನ್ನು ತೋರಿಸುತ್ತಿದ್ದರು, ಅರುಣಾಚಲವನ್ನು. ಗುರು ಬೇಡ ಅಂತ ಮಾತ್ರ ಹೇಳಲಿಲ್ಲ. ಗುರು ಹೊರಗಿಂದ ತಳ್ಳುತ್ತಾನೆ, ಒಳಗಿಂದ ಎಳೆಯುತ್ತಾನೆ ಅನ್ನುವುದು ಅವರ ವಿವರಣೆ.

ರಮಣರ ಉದಾಹರಣೆ ಕೊಟ್ಟು ‘ನನಗೂ ಗುರು ಬೇಡ’ ಅನ್ನುವವರನ್ನು ನಾನು ತುಂಬಾ ಜನ ನೋಡಿದ್ದೇನೆ. ನಾನೂ ಒಂದು ಕಾಲಕ್ಕೆ ಹಾಗೇ ಅನ್ನುತ್ತಿದ್ದೆ. ನಮಗೆಲ್ಲ ಸಾವಿನ ಭಯ ಬಂದಾಗ ನಾವು ಏನು ಮಾಡಿದೆವು? ಫೋನ್ ಕೈಗೆ ತೆಗೆದುಕೊಂಡೆವು, ಅಲ್ವಾ?

ಇನ್ನೊಂದು ತುದಿಯಲ್ಲಿ ಅಲ್ಲಮಪ್ರಭು ಇದ್ದಾನೆ. ಹರಿಹರ ತನ್ನ ರಗಳೆಯಲ್ಲಿ ಹೇಳುವಂತೆ, ಪ್ರೀತಿಸಿದ ಕಾಮಲತೆಯನ್ನು ಕಳೆದುಕೊಂಡು ಅಲ್ಲಮ ಮರುಳನಂತೆ ಅಲೆಯುತ್ತಿದ್ದ. ಒಂದು ಕಡೆ ಕೂತು ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿದ್ದಾಗ ಮಣ್ಣಿನಲ್ಲಿ ಚಿನ್ನದ ಕಳಸದ ತುದಿ ಕಂಡಿತು. ಅಗೆಸಿದರೆ ಕೆಳಗೆ ಹೂತುಹೋದ ದೇವಾಲಯ. ಬಾಗಿಲು ತೆಗೆದರೆ ಒಳಗೆ ಅನಿಮಿಷಯ್ಯ ಕೂತಿದ್ದಾನೆ, ಅಂಗೈಯಲ್ಲಿ ಲಿಂಗ. ಅನಿಮಿಷ ಅಂದರೆ ರೆಪ್ಪೆ ಬಡಿಯದವನು. ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ. ಗುರು ಸಿಕ್ಕಿದ್ದೂ ಹೋದದ್ದೂ ಒಂದೇ ಗಳಿಗೆಯಲ್ಲಿ. ಉಪದೇಶ, ಪಾಠ, ಪ್ರಶ್ನೋತ್ತರ ಏನೂ ಇಲ್ಲ. ಉಗುರಿನಿಂದ ನೆಲ ಕೆರೆಯುವಷ್ಟು ನೋವು ಇತ್ತಲ್ಲ, ಆ ಗಂಧಾರದವನ ಕೂಗಿಗೆ ಇದು ಸಮ ಅನ್ನಿಸುತ್ತದೆ ನನಗೆ.

ಹಾಗಾದರೆ ಗುರು ನಿಜವಾಗಿ ಮಾಡುವುದು ಏನು? ನನ್ನ ಅನಿಸಿಕೆ ಇದು: ನಾವು ಹಾಯಾಗಿ ನಿಂತುಬಿಟ್ಟ ಜಾಗದಿಂದ ನಮ್ಮನ್ನು ಎಬ್ಬಿಸುವುದು. ನಾವು ದಾರಿ ತಪ್ಪುವುದು ಕಡಿಮೆ. ನಡುದಾರಿಯ ನೆರಳು ಕಂಡು ‘ಇದೇ ಊರು’ ಅಂತ ಗಂಟು ಬಿಚ್ಚಿಬಿಡುವುದೇ ಜಾಸ್ತಿ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ದಕ್ಷಿಣೇಶ್ವರದ್ದು. 1860ರ ದಶಕದ ನಡುವಿನ ಮಾತು. ರಾಮಕೃಷ್ಣರಿಗೆ ಆಗಲೇ ಕಾಳಿ ಕಾಣುತ್ತಿದ್ದಳು, ಮಾತಾಡುತ್ತಿದ್ದಳು. ಇನ್ನೇನು ಬೇಕು? ಅಲ್ಲಿಗೆ ತೋತಾಪುರಿ ಅನ್ನುವ ನಾಗಾ ಸನ್ಯಾಸಿ ಬಂದ. ಅದ್ವೈತದವನು, ಕಡು ಮನುಷ್ಯ, ಒಂದೇ ಜಾಗದಲ್ಲಿ ಮೂರು ದಿನಕ್ಕಿಂತ ಜಾಸ್ತಿ ನಿಲ್ಲದವನು. ಮನಸ್ಸನ್ನು ಎಲ್ಲ ರೂಪದಿಂದ ಬಿಡಿಸು ಅಂದ. ರಾಮಕೃಷ್ಣರು ಕೂತರು. ಬೇರೆ ಎಲ್ಲವೂ ಹೋಯಿತು, ಕಾಳಿ ಮಾತ್ರ ಹೋಗಲಿಲ್ಲ. ‘ಆಗುವುದಿಲ್ಲ’ ಅಂದರು. ತೋತಾಪುರಿ ಸುತ್ತಮುತ್ತ ಹುಡುಕಿ ಒಂದು ಒಡೆದ ಗಾಜಿನ ಚೂರು ತಂದ. ಅದರ ಮೊನೆಯನ್ನು ರಾಮಕೃಷ್ಣರ ಹುಬ್ಬುಗಳ ನಡುವೆ ಒತ್ತಿ ‘ಮನಸ್ಸನ್ನು ಇಲ್ಲಿ ನಿಲ್ಲಿಸು’ ಅಂದ. ಈ ಸಲ ಕಾಳಿಯ ರೂಪ ಬಂದಾಗ ರಾಮಕೃಷ್ಣರು ವಿವೇಕವನ್ನೇ ಕತ್ತಿ ಮಾಡಿ ಅದನ್ನು ಎರಡಾಗಿ ಕಡಿದರು. ಮೂರು ದಿನ ಅಲುಗಾಡದೆ ಕೂತಿದ್ದರು ಅಂತ ಅವರ ಜೀವನಚರಿತ್ರೆಗಳು ಹೇಳುತ್ತವೆ.

ಯೋಚಿಸಿ ನೋಡಿ. ತೋತಾಪುರಿ ಬಿಡಿಸಿದ್ದು ಕೆಟ್ಟದ್ದನ್ನಲ್ಲ. ದುರಾಸೆ, ಸಿಟ್ಟು ಬಿಡು ಅಂತ ಯಾರು ಬೇಕಾದರೂ ಹೇಳುತ್ತಾರೆ. ಒಬ್ಬ ಭಕ್ತನಿಗೆ ಅವನ ದೇವರನ್ನೇ ದಾಟು ಅನ್ನಲು ಎಂಥ ಎದೆ ಬೇಕು! ಅದು ಹೇಳುವವನಿಗೆ ಆಚೆ ದಡ ಗೊತ್ತಿರಬೇಕು. ಇಲ್ಲದಿದ್ದರೆ ಅದು ಬರೀ ಕ್ರೌರ್ಯ.

ನನ್ನ ಅನುಭವ ಇದರ ಮುಂದೆ ತೀರಾ ಸಣ್ಣದು, ಆದರೂ ಹೇಳುತ್ತೇನೆ. ನಾನು ಒಬ್ಬ ಹಿರಿಯರ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಧ್ಯಾನದಲ್ಲಿ ಏನೋ ಆಯಿತು. ಮೈ ಇಲ್ಲ, ಹೊತ್ತು ಇಲ್ಲ, ಬರೀ ತಿಳಿ. ಮಾರನೆಯ ದಿನ ಓಡಿಹೋಗಿ ಹತ್ತು ನಿಮಿಷ ಬಣ್ಣಿಸಿದೆ. ಅವರು ಎಲ್ಲ ಕೇಳಿ, ‘ಈಗ ಇದೆಯೇನಪ್ಪಾ?’ ಅಂದರು. ಇಲ್ಲ ಅಂದೆ. ‘ಹಾಗಾದರೆ ಬಂದು ಹೋದ ನೆಂಟ. ಅವನು ಬಂದಾಗಲೂ ಹೋದಾಗಲೂ ಮನೆಯಲ್ಲಿ ಇದ್ದವರು ಯಾರು, ನೋಡು’ ಅಂದು ತಮ್ಮ ಕೆಲಸಕ್ಕೆ ಎದ್ದರು. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಬೆನ್ನು ತಟ್ಟಲಿ ಅಂತ ಹೋಗಿದ್ದೆ ಅನ್ನುವುದು ಸಿಟ್ಟು ಇಳಿದ ಮೇಲೆ ಗೊತ್ತಾಯಿತು.

ಈಗ ಆ ಹತ್ತನೆಯವನ ಕಥೆಯ ಬಾಕಿ ತುಣುಕು. ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿ, 14ನೇ ಶತಮಾನದ ಗ್ರಂಥ. ಅದರ ಏಳನೇ ಪ್ರಕರಣದಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ಅಲ್ಲಿ ಒಂದು ವಿವರ ಇದೆ. ಹತ್ತನೆಯವನು ಸತ್ತ ಅಂತ ಅಳುತ್ತಾ ಇವನು ತಲೆ ತಲೆ ಚಚ್ಚಿಕೊಂಡಿದ್ದ. ‘ನೀನೇ’ ಅಂದ ಕೂಡಲೇ ಅಳು ನಿಂತಿತು. ಆದರೆ ತಲೆಯ ಗಾಯ ಕೂಡಲೇ ಮಾಯಲಿಲ್ಲ. ಮೆಲ್ಲಗೆ ಮಾಯಲು ಒಂದು ತಿಂಗಳು ಹಿಡಿಯಿತು!

ಈ ಒಂದು ತಿಂಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಚ್ಚರ ಆದ ಮೇಲೆ ಎಲ್ಲ ಸರಿಹೋಗುತ್ತದೆ ಅಂತ ನಾವು ನಂಬಿದ್ದೇವೆ. ಹಳೇ ಸಿಡುಕು, ಹಳೇ ಭಯ, ಹಳೇ ಚಪಲ ಇನ್ನೂ ಇದ್ದರೆ ‘ನನಗೆ ಆದದ್ದು ಸುಳ್ಳೇ’ ಅಂತ ಕಂಗೆಡುತ್ತೇವೆ. ಇಲ್ಲವಾದರೆ ಅದಕ್ಕಿಂತ ಕೆಟ್ಟದ್ದು: ಗಾಯ ಇಲ್ಲ ಅಂತ ನಟಿಸುತ್ತೇವೆ. ಈ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಬೇಕು. ‘ಇದು ಹಳೇ ಪೆಟ್ಟು, ಕೆರೆಯಬೇಡ, ಮಾಯುತ್ತದೆ’ ಅನ್ನುವವರು. ಇದರಲ್ಲಿ ಮಿಂಚು ಗುಡುಗು ಏನೂ ಇಲ್ಲ, ಹಾಗಾಗಿ ಕಥೆಗಳಲ್ಲಿ ಇದು ಬರುವುದೂ ಕಡಿಮೆ.

ಅದೇ ಛಾಂದೋಗ್ಯದಲ್ಲಿ ಬರುವ ಹುಡುಗ ಸತ್ಯಕಾಮ ಜಾಬಾಲನನ್ನೂ ಇಲ್ಲಿ ನೆನೆಯಬೇಕು. ಗುರು ಗೌತಮ ಅವನಿಗೆ ನಾನೂರು ಬಡಕಲು ಹಸುಗಳನ್ನು ಒಪ್ಪಿಸುತ್ತಾನೆ. ಸಾವಿರ ಆಗುವ ತನಕ ಬರುವುದಿಲ್ಲ ಅಂತ ಹುಡುಗ ಕಾಡಿಗೆ ಹೋಗುತ್ತಾನೆ. ವರ್ಷಗಳಾಗುತ್ತವೆ. ಗೂಳಿ ಒಂದು ಪಾಠ ಹೇಳುತ್ತದೆ, ಬೆಂಕಿ ಒಂದು, ಹಂಸ ಒಂದು, ನೀರುಹಕ್ಕಿ ಒಂದು. ತಿರುಗಿ ಬಂದಾಗ ಗುರು ಮುಖ ನೋಡಿ ‘ತಿಳಿದವನ ಹಾಗೆ ಹೊಳೆಯುತ್ತಿದ್ದೀಯ, ಯಾರು ಕಲಿಸಿದರು?’ ಅನ್ನುತ್ತಾನೆ. ಹುಡುಗ ಹೇಳುತ್ತಾನೆ: ಮನುಷ್ಯರಲ್ಲ, ಆದರೂ ನೀವೇ ಹೇಳಬೇಕು. ಗುರು ಅದನ್ನೇ ಮತ್ತೆ ಹೇಳುತ್ತಾನೆ. ಹೊಸದು ಏನೂ ಇಲ್ಲ, ಬಿಟ್ಟದ್ದೂ ಏನೂ ಇಲ್ಲ. ಮುಂದೆ ಈ ಸತ್ಯಕಾಮ ಗುರುವಾದಾಗ ಏನು ಮಾಡಿದ ಗೊತ್ತಾ? ಹನ್ನೆರಡು ವರ್ಷ ಅಗ್ನಿ ಕಾಯ್ದ ಉಪಕೋಸಲನಿಗೆ ಏನೂ ಕಲಿಸದೆ ಊರಿಗೆ ಹೊರಟುಬಿಟ್ಟ. ಹುಡುಗನಿಗೆ ಕಲಿಸಿ ಅಂತ ಹೆಂಡತಿ ಹೇಳಿದರೂ ಕೇಳಲಿಲ್ಲ. ಹುಡುಗ ಬೇಜಾರಿನಲ್ಲಿ ಊಟ ಬಿಟ್ಟ. ಕೊನೆಗೆ ಆ ಬೆಂಕಿಗಳೇ ಅವನಿಗೆ ಪಾಠ ಹೇಳಿದವು. ತನಗೆ ಹೇಗೆ ಬಂತೋ ಹಾಗೇ ದಾಟಿಸಿದ ಅನ್ನಬೇಕು.

ಇನ್ನು ಕಷ್ಟದ ಭಾಗಕ್ಕೆ ಬರುತ್ತೇನೆ. ನಿಂತ ಜಾಗದಿಂದ ಎಬ್ಬಿಸುವವನು ಗುರು ಅಂದೆ. ಆದರೆ ನಾವು ನಿಲ್ಲುವ ಕೊನೆಯ ಹಾಯಾದ ಜಾಗ ಯಾವುದು? ಗುರುವೇ. ಅವರ ಮುಖ, ಅವರ ದನಿ, ಅವರ ಸುತ್ತ ಕೂತವರ ಗುಂಪು. ಇಲ್ಲಿ ಒಳ್ಳೆಯ ಗುರು ಮತ್ತು ಕೆಟ್ಟ ಗುರು ಬೇರೆಯಾಗುತ್ತಾರೆ.

ವಕ್ಕಲಿ ಅನ್ನುವ ಭಿಕ್ಷು ಕಾಯಿಲೆ ಬಿದ್ದಿದ್ದ. ಬುದ್ಧನನ್ನು ಕಣ್ಣಾರೆ ನೋಡಲು ಬರಲು ಆಗಲಿಲ್ಲವಲ್ಲ ಅನ್ನುವುದೇ ಅವನ ಕೊರಗು. ಬುದ್ಧ ತಾನೇ ಅವನ ಹಾಸಿಗೆಯ ಹತ್ತಿರ ಹೋದ. ಹೋಗಿ ಹೇಳಿದ್ದೇನು? ಈ ಕೊಳೆಯುವ ಮೈ ನೋಡಿ ನಿನಗೇನು ಆಗಬೇಕು, ಧಮ್ಮ ಕಂಡವನು, ಅಂದರೆ ನಾನು ಹೇಳಿದ ನಿಜ ಕಂಡವನು, ನನ್ನನ್ನು ಕಂಡ. ಅಷ್ಟು ದೂರ ನಡೆದು ಬಂದದ್ದು ಕರುಣೆ. ಬಂದು ತನ್ನನ್ನೇ ತಳ್ಳಿಹಾಕಿದ್ದು ಇನ್ನೂ ದೊಡ್ಡ ಕರುಣೆ.

ಜಿಡ್ಡು ಕೃಷ್ಣಮೂರ್ತಿ ಮಾಡಿದ್ದು ಇದರದೇ ಸಾರ್ವಜನಿಕ ರೂಪ. 1911ರಿಂದ ಅವರನ್ನು ಜಗದ್ಗುರು ಮಾಡಲು ಒಂದು ಸಂಘವೇ ತಯಾರಾಗಿತ್ತು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ಸಾವಿರಾರು ಸದಸ್ಯರ ಎದುರಲ್ಲೇ, ಆ ಸಂಘವನ್ನು ಅವರು ವಿಸರ್ಜಿಸಿದರು. ನಿಜಕ್ಕೆ ದಾರಿಗಳಿಲ್ಲ, ಯಾರನ್ನೂ ಹಿಂಬಾಲಿಸಬೇಡಿ ಅಂದರು. ಆಮೇಲೆ 1986ರಲ್ಲಿ ತೀರಿಕೊಳ್ಳುವ ತನಕ ‘ಗುರು ಬೇಡ’ ಅಂತ ಹೇಳುತ್ತಾ ಬಂದರು. ಅದನ್ನು ಕೇಳಲು ಜನ ವರ್ಷ ವರ್ಷ ಬಂದು ಮುಂದಿನ ಸಾಲಿನಲ್ಲೇ ಕೂತರು. ನಗಬೇಡಿ, ನಾವೂ ಅದೇ ಜನ.

ಕೆಟ್ಟ ಗುರುಗಳ ಬಗ್ಗೆ ಹೆಸರು ಹಿಡಿದು ಮಾತಾಡುವುದಿಲ್ಲ, ನಿಮಗೇ ನಾಲ್ಕಾರು ಹೆಸರು ನೆನಪಾಗಿರುತ್ತವೆ. ಅಂಥವರು ಸಾಮಾನ್ಯವಾಗಿ ಒಂದು ಕಥೆಯನ್ನು ಗುರಾಣಿಯಂತೆ ಹಿಡಿದಿರುತ್ತಾರೆ. ಟಿಬೆಟಿನ ಮಾರ್ಪ ತನ್ನ ಶಿಷ್ಯ ಮಿಲರೇಪನಿಂದ ಗೋಪುರ ಕಟ್ಟಿಸಿ, ಕೆಡವಿಸಿ, ಮತ್ತೆ ಕಟ್ಟಿಸಿದ ಕಥೆ. ಬೆನ್ನೆಲ್ಲ ಹುಣ್ಣಾದರೂ ಬಿಡಲಿಲ್ಲ. ‘ನೋಡಿ, ಗುರು ಎಷ್ಟು ಹಿಂಸೆ ಕೊಟ್ಟರೂ ಅದು ಕೃಪೆ’ ಅನ್ನುತ್ತಾರೆ. ಒಂದು ವಿಷಯ ಮುಚ್ಚಿಡುತ್ತಾರೆ. ಮಿಲರೇಪ ಮಾಟ ಮಾಡಿ ಜನರನ್ನು ಕೊಂದು, ಆ ಪಾಪದ ಭಾರದಲ್ಲಿ ನಲುಗಿ ಬಂದಿದ್ದ. ಅದು ಅವನೊಬ್ಬನಿಗೆ ಕೊಟ್ಟ ಮದ್ದು. ಒಬ್ಬ ರೋಗಿಯ ಚೀಟಿ ಹಿಡಿದು ಊರಿಗೆಲ್ಲ ಅದೇ ಗುಳಿಗೆ ನುಂಗಿಸಿದರೆ ಅವನನ್ನು ವೈದ್ಯ ಅನ್ನುತ್ತೀರಾ?

ಗುರುವನ್ನು ಪರೀಕ್ಷೆ ಮಾಡುವುದು ತಪ್ಪು ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಬುದ್ಧನ ಉಪದೇಶಗಳ ಒಂದು ಸಂಗ್ರಹ ಮಜ್ಝಿಮ ನಿಕಾಯ. ಅದರ ಚಂಕೀ ಸುತ್ತದಲ್ಲಿ ಬುದ್ಧ ಪರೀಕ್ಷೆಯ ವಿಧಾನವನ್ನೇ ಹೇಳುತ್ತಾನೆ. ಹತ್ತಿರ ಹೋಗಿ ನೋಡು. ಈ ಮನುಷ್ಯನಿಗೆ ಇರುವ ಆಸೆ ಎಂಥದ್ದು? ಆ ಆಸೆಯಿಂದಾಗಿ, ಗೊತ್ತಿಲ್ಲದ್ದನ್ನು ಗೊತ್ತು ಅಂದುಬಿಡುವವನೇ? ಕಾಣದ್ದನ್ನು ಕಂಡೆ ಅನ್ನುವವನೇ? ಬೇರೆಯವರಿಗೆ ಬಹುಕಾಲ ಕೇಡಾಗುವ ಕೆಲಸವನ್ನು ಅವರಿಂದ ಮಾಡಿಸುವವನೇ? ದ್ವೇಷದ ಬಗ್ಗೆ, ಮೋಹದ ಬಗ್ಗೆಯೂ ಹೀಗೇ ನೋಡು. ಇಷ್ಟೆಲ್ಲ ಆದ ಮೇಲೆ ನಂಬಿಕೆ. ಅದೇ ನಿಕಾಯದ ವೀಮಂಸಕ ಸುತ್ತದಲ್ಲಂತೂ ತನ್ನನ್ನೇ ಹೀಗೆ ಕಣ್ಣಿಟ್ಟು, ಕಿವಿಗೊಟ್ಟು ಪರೀಕ್ಷಿಸಿ ಅನ್ನುತ್ತಾನೆ. ಪವಾಡದ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಎಷ್ಟು ಜನ ಹಿಂಬಾಲಕರು ಅನ್ನುವುದೂ ಇಲ್ಲ.

ನಾನು ಇದಕ್ಕೆ ನನ್ನದೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ. ಬಿಟ್ಟು ಹೋದವರ ಬಗ್ಗೆ ಆ ಗುರು ಹೇಗೆ ಮಾತಾಡುತ್ತಾರೆ? ಆ ಹಿರಿಯರ ಹತ್ತಿರ ಎರಡು ತಿಂಗಳಾದ ಮೇಲೆ ನಾನು ಮತ್ತೆ ಹೋದಾಗ ಅವರು ‘ಬಾ, ಕೂತ್ಕೋ’ ಅಂದರು. ಎಲ್ಲಿ ಹೋಗಿದ್ದೆ ಅಂತ ಕೇಳಲೂ ಇಲ್ಲ.

ತೋತಾಪುರಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮೂರು ದಿನ ನಿಲ್ಲದವನು ದಕ್ಷಿಣೇಶ್ವರದಲ್ಲಿ ಹನ್ನೊಂದು ತಿಂಗಳು ನಿಂತ. ಕಾಳಿಯನ್ನು ಅವನು ಒಪ್ಪುತ್ತಿರಲಿಲ್ಲ, ರಾಮಕೃಷ್ಣರು ಚಪ್ಪಾಳೆ ತಟ್ಟಿ ನಾಮ ಹೇಳಿದರೆ ಗೇಲಿ ಮಾಡುತ್ತಿದ್ದ. ಅಷ್ಟರಲ್ಲಿ ಅವನಿಗೆ ಆಮಶಂಕೆ ಹಿಡಿಯಿತು. ನೋವು ತಾಳದೆ, ಈ ದೇಹ ಬಿಟ್ಟೇಬಿಡೋಣ ಅಂತ ರಾತ್ರಿ ಗಂಗೆಗೆ ಇಳಿದ. ನಡೆದಷ್ಟೂ ನೀರು ಮೊಣಕಾಲಿನ ಮೇಲೆ ಬರಲಿಲ್ಲವಂತೆ. ಮುಳುಗಲೂ ಬಿಡದ ಈ ಶಕ್ತಿ ಯಾವುದು ಅಂತ ನಿಂತಾಗ ಅವನಿಗೆ ಅಲ್ಲಿ ತಾಯಿ ಕಂಡಳು. ಅವನು ನಿಂತುಬಿಟ್ಟ ಹಾಯಾದ ಜಾಗ ನಿರಾಕಾರ. ಅಲ್ಲಿಂದ ಅವನನ್ನು ಎಬ್ಬಿಸಿದ್ದು ಶಿಷ್ಯನ ದೇವತೆ. ಅಲ್ಲಮನದೇ ಒಂದು ವಚನ ಇದೆ. ಕೃತಯುಗದಲ್ಲಿ ಗುರು ಶಿಷ್ಯನಿಗೆ ಬಡಿದು ಬುದ್ಧಿ ಕಲಿಸಿದ, ತ್ರೇತೆಯಲ್ಲಿ ಬೈದು, ದ್ವಾಪರದಲ್ಲಿ ಗದರಿಸಿ, ಕಲಿಯುಗದಲ್ಲಿ ಶಿಷ್ಯನಿಗೆ ನಮಸ್ಕರಿಸಿ ಕಲಿಸುತ್ತಾನೆ ಅಂತ. ಕಾಲದ ಅಣಕವಾಗಿ ಹೇಳಿದ್ದು ಇರಬಹುದು. ಗಂಗೆಯಲ್ಲಿ ನಿಂತ ತೋತಾಪುರಿಯನ್ನು ನೆನೆದಾಗ ನನಗೆ ಅದು ಅಣಕ ಅನ್ನಿಸುವುದಿಲ್ಲ.

ಕೊನೆಯದಾಗಿ ಆನಂದನ ಮಾತು. ಸುಮಾರು ಇಪ್ಪತ್ತೈದು ವರ್ಷ ಬುದ್ಧನ ನೆರಳಾಗಿ ಇದ್ದವನು. ಎಲ್ಲ ಉಪದೇಶವನ್ನೂ ನೆನಪಿನಲ್ಲಿಟ್ಟವನು. ಅವನಿಗಿಂತ ಆಮೇಲೆ ಬಂದ ಎಷ್ಟೋ ಜನ ಅರಹಂತರಾದರು, ಅಂದರೆ ಪೂರ್ತಿ ಬಿಡುಗಡೆ ಹೊಂದಿದರು, ಅವನಾಗಲಿಲ್ಲ. ಬುದ್ಧ ಕುಶಿನಾರದಲ್ಲಿ ಸಾವಿನ ಹಾಸಿಗೆಯಲ್ಲಿದ್ದಾಗ ಆನಂದ ಒಳಗೆ ಹೋಗಿ ಬಾಗಿಲಿಗೆ ಒರಗಿ ಅತ್ತ. ‘ನಾನಿನ್ನೂ ಕಲಿಯುವವನು, ನನ್ನ ಮೇಲೆ ಇಷ್ಟು ಕರುಣೆ ಇರುವ ಗುರು ಹೊರಟಿದ್ದಾರೆ’ ಅಂತ. ಬುದ್ಧ ಅವನನ್ನು ಕರೆಸಿದ. ಅಳಬೇಡ, ಪ್ರಯತ್ನ ಬಿಡಬೇಡ, ಬೇಗ ನಿನಗೂ ಬಿಡುಗಡೆ ಆಗುತ್ತದೆ ಅಂದ. ದಿಕ್ಕು ತೋರಿಸಿದ್ದು ಆಯಿತು.

ಕೆಲವು ತಿಂಗಳ ನಂತರ ರಾಜಗೃಹದಲ್ಲಿ ಅರಹಂತರ ಸಭೆ ಸೇರಿತು. ಹಿಂದಿನ ರಾತ್ರಿ ಇಡೀ ಆನಂದ ಸಾಧನೆ ಮಾಡಿದ, ಏನೂ ಆಗಲಿಲ್ಲ. ಬೆಳಗಿನ ಜಾವ ಸಾಕಾಗಿ, ಸ್ವಲ್ಪ ಒರಗೋಣ ಅಂತ ಹಾಸಿಗೆಗೆ ಬಂದ. ಕಾಲು ನೆಲ ಬಿಟ್ಟಿತ್ತು. ತಲೆ ದಿಂಬಿಗೆ ಇನ್ನೂ ತಾಗಿರಲಿಲ್ಲ. ಆಗ ಆಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.